ಜೋಡು ನಳಿಗೆ ಕೋವಿಯ ರಿಬ್ ಸಡಿಲವಾದರೆ

ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್ ಮುಹೂರ್ತಕ್ಕೆ ಅಜ್ಜನ ಕಾಲದ ಕೋವಿ ತೆಗೆದು ಒರೆಸುವಾಗಲೇ ಈ ತೊಂದರೆ ಕಣ್ಣಿಗೆ ಬೀಳೋದು ಜಾಸ್ತಿ. ರಿಬ್ ಅಂದರೆ ಎರಡು ನಳಿಗೆಗಳ ನಡುವೆ ಬೆಸುಗೆ ಹಾಕಿ ಕೂರಿಸಿದ ಉದ್ದ ಪಟ್ಟಿ.

ಮೊದಲು ತೋಟಾ ಇಲ್ಲ ಅಂತ ಎರಡು ಸಲ ನೋಡಿ. ನಳಿಗೆ ಬಿಚ್ಚಿ, ಬುಡದ ಕೊಕ್ಕೆಗೆ ದಾರ ಕಟ್ಟಿ ತೂಗುಬಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆ ಹಾಗೆ ಮೊಳಗಿದರೆ ಸರಿ, ಒಡೆದ ಮಡಕೆ ಹಾಗೆ ಸದ್ದು ಬಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಅಂಥ ಕೋವಿಯಲ್ಲಿ ಗುಂಡು ಹಾರಿಸಬೇಡಿ.

ಸಂದಿಗೆ ಸುಮ್ನೆ ಅಂಟು ತುಂಬೋದು, ಗ್ಯಾಸ್ ವೆಲ್ಡಿಂಗ್ ಮಾಡಿಸೋದು ಎರಡೂ ಬೇಡ. ಹಳೇ ರಿಬ್‌ಗೆ ಸಾಮಾನ್ಯವಾಗಿ ತವರ-ಸೀಸದ ಬೆಸುಗೆ ಇರುತ್ತದೆ, ಅದು ಸುಮಾರು 190 ಡಿಗ್ರಿಗೇ ಕರಗುತ್ತದೆ, ಒಂದು ಕಡೆ ಬಿಸಿ ಹೆಚ್ಚಾದರೆ ಪಕ್ಕದ್ದೂ ಬಿಡುತ್ತದೆ, ನಳಿಗೆಯೂ ಸೊಟ್ಟಗಾಗಬಹುದು. ಸರಿಯಾದ ಕ್ರಮ ಅಂದರೆ ರಿಬ್ ಎತ್ತಿ, ಒಳಗಿನ ತುಕ್ಕು, ಎಣ್ಣೆ ಪೂರ್ತಿ ತೆಗೆದು, ತವರ ಬಳಿದು, ತಂತಿ ಬಿಗಿದು ಇಡೀ ಉದ್ದಕ್ಕೆ ಸಮನಾಗಿ ಕಾಯಿಸಿ ಕೂರಿಸೋದು. ಕೊನೆಗೆ ಫ್ಲಕ್ಸ್ (ಬೆಸುಗೆ ಹಿಡಿಯಲಿ ಅಂತ ಹಚ್ಚುವ ರಾಸಾಯನಿಕ) ಚೆನ್ನಾಗಿ ತೊಳೆಯಬೇಕು, ಉಳಿದರೆ ಒಳಗಿಂದಲೇ ತುಕ್ಕು.

ಇದು ಮನೆಯಲ್ಲಿ ಮಾಡೋ ಕೆಲಸ ಅಲ್ಲ, ಲೈಸೆನ್ಸ್ ಇರುವ ರಿಪೇರಿಯವರಿಗೇ ಕೊಡಿ.