ಪೊಲೀಸರ ಪತ್ರಕ್ಕೆ ಹತ್ತೇ ನಿಮಿಷದಲ್ಲಿ ಉತ್ತರ: ನನ್ನ ಅನುಭವ

ಇಂಥ ಹೊತ್ತಿನಲ್ಲಿ ಈ ಐಪಿ (ಇಂಟರ್ನೆಟ್ ವಿಳಾಸ) ಯಾವ ಮನೆಯದು ಎಂದು ಪೊಲೀಸರು ಪತ್ರ ಬರೆದು ಕೇಳುತ್ತಾರೆ. ಸಿ ವರ್ಗದ (ಸಣ್ಣ ಪ್ರದೇಶಕ್ಕೆ ಸೀಮಿತವಾದ) ಲೈಸೆನ್ಸ್ ಇಟ್ಟುಕೊಂಡ ಸಣ್ಣ ಐಎಸ್‌ಪಿಗೆ, ಅಂದರೆ ಇಂಟರ್ನೆಟ್ ಕೊಡುವವರಿಗೆ, ಬೇಗ ಉತ್ತರಿಸುವುದು ಆಗದ ಕೆಲಸ ಎಂದು ಮೈಸೂರಿನ ಗೆಳೆಯರು ನಕ್ಕಿದ್ದರು. ಲಾಗ್ (ಯಾವ ಮನೆಯಿಂದ ಯಾವಾಗ ಎಲ್ಲಿಗೆ ಸಂಪರ್ಕ ಹೋಯಿತು ಎಂಬ ದಾಖಲೆ) ಇಡುವ ಸರ್ವರ್ ಮಾರುವವರು ನಾಲ್ಕು ಲಕ್ಷದ ಕೊಟೇಶನ್ ಕೊಟ್ಟರು. ಸೋಮವಾರಪೇಟೆ ಕಡೆ ನಮ್ಮದು ಏಳುನೂರರ ಆಸುಪಾಸು ಕನೆಕ್ಷನ್. ಅಷ್ಟು ದುಡ್ಡು ಎಲ್ಲಿಂದ ತರೋಣ? ಈಗ ಐವತ್ತು ಸಾವಿರದೊಳಗೆ ಎಲ್ಲ ನಡೆಯುತ್ತಿದೆ.

2021ರ ಡಿಸೆಂಬರ್‌ನಲ್ಲಿ ಲಾಗ್ ಇಡುವ ಅವಧಿ ಒಂದು ವರ್ಷದಿಂದ ಎರಡಕ್ಕೆ ಏರಿತಲ್ವಾ, ತಲೆನೋವು ಅಲ್ಲಿಂದ ಶುರು. ಮೊದಲು ರೂಟರ್‌ಗೇ ಪೆನ್‌ಡ್ರೈವ್ ಚುಚ್ಚಿದೆ. ಒಂದು ಮಳೆಗಾಲವೂ ಬಾಳಲಿಲ್ಲ. ಕ್ಲೌಡ್‌ಗೆ ಕಳಿಸಿದರೆ ಬಾಡಿಗೆ ಏರುತ್ತಲೇ ಹೋಯಿತು. ಎಲ್ಲಕ್ಕಿಂತ ದೊಡ್ಡ ಕಾಟ ಗಡಿಯಾರದ್ದು. ಜುಲೈನಲ್ಲಿ ಇಲ್ಲಿ ಕರೆಂಟ್ ಹೋಗುವುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲ ಎದ್ದಾಗ ನಮ್ಮ ರೂಟರ್‌ಗೆ 1970ನೇ ಇಸವಿ! ಎನ್‌ಟಿಪಿ (ನೆಟ್‌ನಿಂದ ಸರಿಯಾದ ಸಮಯ ತರುವ ವ್ಯವಸ್ಥೆ) ಸಿಗುವವರೆಗಿನ ಲಾಗ್ ಸಾಲುಗಳೆಲ್ಲ ಕಸ. ಈಗ ಸಮಯ ಹಾಕುವುದು ಸೆಕೆಂಡ್‌ಹ್ಯಾಂಡ್ ಸರ್ವರ್. ಅದಕ್ಕೆ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ, ಬೇರೆಯೇ ಬ್ಯಾಟರಿ.

ಪೋರ್ಟ್ ಹಂಚಿಕೆಯಿಂದ ಆಟವೇ ಬದಲಾಯಿತು. ಹೊರಗೆ ಕಾಣುವ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಬಳಸುತ್ತವೆ, ಒಂದೊಂದು ಸಂಪರ್ಕವನ್ನು ಬೇರ್ಪಡಿಸುವ ಸಂಖ್ಯೆಯೇ ಪೋರ್ಟ್. 1,024ರಿಂದ ಮೇಲಿನ ಪೋರ್ಟ್‌ಗಳನ್ನು ಮನೆಗೆ 1,008ರಂತೆ ಹಂಚಿದರೆ ಒಂದು ಪಬ್ಲಿಕ್ ಐಪಿಗೆ ಸರಿಯಾಗಿ 64 ಮನೆ. ಐಪಿ, ಪೋರ್ಟ್ ಹೇಳಿದರೆ ಮನೆ ಯಾವುದೆಂದು ಲಾಗ್ ತೆರೆಯದೆಯೇ ಗೊತ್ತಾಗುತ್ತದೆ. ಹಾಗಂತ ಲಾಗ್ ಬಿಡುವ ಹಾಗಿಲ್ಲ, ದೂರಸಂಪರ್ಕ ಇಲಾಖೆಗೆ ಡೆಸ್ಟಿನೇಶನ್ ಐಪಿಯೂ (ಸಂಪರ್ಕ ಹೋದ ಕಡೆಯ ವಿಳಾಸ) ಬೇಕು. ದಿನಕ್ಕೆ ಸುಮಾರು ಆರು ಜಿಬಿ ಬರುತ್ತದೆ, ಕುಗ್ಗಿಸಿದರೆ ಅರ್ಧ ಜಿಬಿ. ಎರಡು ವರ್ಷದ್ದು ಸಾಮಾನ್ಯ ಹಾರ್ಡ್‌ಡಿಸ್ಕ್‌ನಲ್ಲೇ ಹಿಡಿಯುತ್ತದೆ. ಅಷ್ಟು ಕುಗ್ಗಿಸಿಯೂ ಬೇಗ ಹುಡುಕುವ ಸ್ಕ್ರಿಪ್ಟ್ ಮಾತ್ರ ನನ್ನ ಹತ್ತಿರವೇ ಇರಲಿ, ಬೇಜಾರಾಗಬೇಡಿ.

ಇನ್ನು ಪತ್ರದ ವಿಷಯ. ವಾಟ್ಸಾಪ್ ಫೋಟೋಗೆ, ಫೋನ್ ಕರೆಗೆ ನಾನು ಏನೂ ಕೊಡುವುದಿಲ್ಲ. ಸರ್ಕಾರಿ ಇಮೇಲ್‌ನಿಂದ, ಕೇಸ್ ನಂಬರ್ ಹಾಕಿ, ದಾಖಲೆ ಕೇಳುವ ಸೆಕ್ಷನ್ ಆದ ಬಿಎನ್‌ಎಸ್‌ಎಸ್ 94ರಡಿ (ಹಳೆಯ ಸಿಆರ್‌ಪಿಸಿ 91) ಬರಬೇಕು. ಹೊರಜಿಲ್ಲೆಯ ಒಂದು ಠಾಣೆಯಿಂದ ಜೋರು ಮಾಡಿದರು. ಆಮೇಲೆ ಪತ್ರವೇ ಬಂತು, ಆದರೆ ಪೋರ್ಟ್ ಇಲ್ಲ, ಸಮಯ ರಾತ್ರಿ 8 ಗಂಟೆ ಅಂತಷ್ಟೇ. ನಾನು ಸುಮ್ನೆ ಒಂದು ಹೆಸರು ಬರೆದು ಕಳಿಸಿದ್ದರೆ ಯಾರದೋ ಮನೆಗೆ ಜೀಪ್ ಹೋಗುತ್ತಿತ್ತು. ಪೊಲೀಸರಿಗೆ ಮೆಟಾ, ಗೂಗಲ್ ಕೊಡುವ ಪಟ್ಟಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಇರುತ್ತದೆ. ಅದರಲ್ಲಿ ರಾತ್ರಿ 8 ಎಂದರೆ ನಮ್ಮಲ್ಲಿ ಮಾರನೇ ದಿನ ನಸುಕಿನ 1.30. ಮೂಲ ಪಟ್ಟಿ ತರಿಸಿ, ಪೋರ್ಟ್ ಹಿಡಿದು ಉತ್ತರ ಕೊಟ್ಟೆ. ಜೊತೆಗೆ ಡಿಜಿಟಲ್ ದಾಖಲೆಗೆ ಬೇಕಾದ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ, ಫೈಲ್‌ನ ಹ್ಯಾಶ್ (ಫೈಲ್ ತಿದ್ದಿಲ್ಲ ಎಂದು ತೋರಿಸುವ ಗುರುತು) ಸಮೇತ. ಆ ಠಾಣೆಯವರು ಈಗ ಮೊದಲ ಸಲವೇ ಪೋರ್ಟ್ ಬರೆದು ಕಳಿಸುತ್ತಾರೆ.

ಹೋಂಸ್ಟೇಗಳದ್ದು ಬೇರೆಯೇ ಕಥೆ. ವೀಕೆಂಡ್‌ನಲ್ಲಿ 1,008 ಪೋರ್ಟ್ ಎಲ್ಲಿ ಸಾಕು? ಅವರಿಗೆ ಎರಡೆರಡು ಪಾಲು ಕೊಟ್ಟಿದ್ದೇನೆ. ಆದರೂ ಐಪಿ ತೋರಿಸುವುದು ಓನರ್ ಹೆಸರನ್ನೇ, ಗೆಸ್ಟ್ ಅಷ್ಟರಲ್ಲಿ ಬೆಂಗಳೂರು ಸೇರಿರುತ್ತಾನೆ. ಒಟಿಪಿ ಲಾಗಿನ್ ಹಾಕಿ ನೋಡಿದೆವು. ತೋಟದೊಳಗೆ ಮೊಬೈಲ್ ಸಿಗ್ನಲ್ಲೇ ಇಲ್ಲ, ಒಟಿಪಿ ಬರುವುದೆಲ್ಲಿಂದ? ಈಗ ರೂಮ್‌ಗೊಂದು ಲಾಗಿನ್ ಚೀಟಿ, ಅದರ ನಂಬರ್ ರಿಜಿಸ್ಟರ್‌ನಲ್ಲಿ. ನಾಪೋಕ್ಲಿನ ಒಬ್ಬ ಓನರ್ ಮಾತ್ರ ಇನ್ನೂ ಒಪ್ಪಿಲ್ಲ.