ಸಾಲ್ವಿಯಾ ಪೊದೆ ಆಗ್ಬೇಕಾ, ಹೂ ಬರೋಕ್ ಮುಂಚೆನೇ ಕುಡಿ ಚಿವುಟಿ

ನರ್ಸರಿಗೆ ಹೋದೋರೆಲ್ಲ ಹೂ ಬಿಟ್ಟಿರೋ ಸಾಲ್ವಿಯಾನೇ ಆರಿಸಿ ತರ್ತಾರೆ, ನಾನು ಮಾತ್ರ ಹೂ ಇಲ್ದೇ ಇರೋ ಗಿಡ್ಡ ಸಸಿ ಹುಡುಕ್ತೀನಿ. ಕಪ್ಪು ಕವರಲ್ಲಿ ಒಂದೇ ಕಡ್ಡಿ, ಅದರ ತುದೀಲಿ ಒಂದು ಕೆಂಪು ತೆನೆ, ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಮನೆಗೆ ತಂದ್ಮೇಲೆ ಆ ತೆನೆ ಉದುರಿ ಉಳಿಯೋದು ಬುಡದಲ್ಲಿ ಎಲೆ ಇಲ್ದೇ ಇರೋ ಸೊಣಕಲು ಗಿಡ. ಅಂಥದ್ದೇ ತರ್ಬೇಕಾಗಿ ಬಂದ್ರೆ ಪಾಟಿಗೆ ಹಾಕೋ ದಿನಾನೇ ತೆನೆ ತೆಗೆದುಬಿಡ್ತೀನಿ.

ನಮ್ದು ಮೈಸೂರು. ಹೂ ಬೇಕಾಗೋದು ದಸರಾ ಟೈಮಿಗೆ, ಕುಪ್ಪಣ್ಣ ಪಾರ್ಕಿನ ಫ್ಲವರ್ ಶೋ ನೋಡ್ಕೊಂಡ್ ಬಂದು ನಮ್ಮನೆ ಕಾಂಪೌಂಡಲ್ಲಿ ಬೋಳು ಕಡ್ಡಿ ಕಂಡ್ರೆ ಬೇಜಾರಾಗಲ್ವಾ. ಅದಕ್ಕೆ ದಸರಾದಿಂದ ಹಿಂದಕ್ಕೆ ಲೆಕ್ಕ ಹಾಕ್ತೀನಿ. ಚಿವುಟಿದ ಗಿಡ ಮತ್ತೆ ತೆನೆ ಬಿಡೋಕೆ ಹತ್ತತ್ರ ಒಂದೂವರೆ ತಿಂಗಳು ಹಿಡಿಯುತ್ತೆ, ಹಾಗಾಗಿ ಮೇ ಕೊನೇಲಿ ಬೀಜ ಹಾಕಿದ್ರೆ ಜುಲೈ ಶುರುವಲ್ಲಿ ಮೊದಲ್ನೇ ಸಲ, ಆಗಸ್ಟ್ ಹೊತ್ತಿಗೆ ಎರಡ್ನೇ ಸಲ, ಅಲ್ಲಿಗೆ ಕೈ ನಿಲ್ಲಿಸಿಬಿಡ್ಬೇಕು. ಆಮೇಲೂ ಚಿವುಟ್ತಾ ಕೂತ್ರೆ ಪೊದೆ ಇರುತ್ತೆ ಹೂ ಇರಲ್ಲ.

ಮೊದಲ್ನೇ ಚಿವುಟು ಸಸೀಲಿ ನಾಲ್ಕು ಜೊತೆ ಎಲೆ ಬಂದಾಗ. ಸಾಲ್ವಿಯಾದ ಕಡ್ಡಿನ ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ಗುಂಡಗಿರಲ್ಲ, ನಾಲ್ಕು ಮೂಲೆ ಕೈಗೆ ಸಿಗುತ್ತೆ. ಎಲೆಗಳು ಎದುರುಬದುರು ಜೊತೆಜೊತೆಯಾಗಿ ಬರುತ್ತೆ, ಒಂದು ಜೊತೆ ಹೀಗಿದ್ರೆ ಅದರ ಮೇಲಿಂದು ಅಡ್ಡಕ್ಕೆ. ಎಲೆ ತೊಟ್ಟು ಕಡ್ಡಿಗೆ ಸೇರೋ ಸಂದೀಲಿ ಸ್ವಲ್ಪ ಬಗ್ಗಿ ನೋಡಿದ್ರೆ ಎರಡೂ ಕಡೆ ಸಣ್ಣ ಹಸಿರು ಮೊಗ್ಗು ಕಾಣುತ್ತೆ, ಅದೇ ಮುಂದೆ ಕೊಂಬೆ ಆಗೋದು. ಕೆಳಗಿಂದ ಎರಡು ಅಥವಾ ಮೂರು ಜೊತೆ ಎಲೆ ಬಿಟ್ಟು ಆ ಗಿಣ್ಣಿಗೆ ಸ್ವಲ್ಪ ಮೇಲೆ ಹೆಬ್ಬೆರಳಿನ ಉಗುರಲ್ಲಿ ಚಿವುಟಿ ತೆಗೀತೀನಿ, ಎಳೆ ಕಡ್ಡಿಗೆ ಕಟ್ಟರ್ ಬೇಕಾಗಲ್ಲ. ಗಿಣ್ಣಿನ ಮೇಲೆ ಉದ್ದ ಮೋಟು ಬಿಟ್ರೆ ಅದು ಕಪ್ಪಗಾಗಿ ಒಣಗುತ್ತೆ, ಮಳೇಲಿ ಕೊಳೆಯೋದು ಅಲ್ಲಿಂದಾನೇ ಶುರುವಾಗುತ್ತೆ.

ತುದಿ ತೆಗೆದ್ರೆ ಪಕ್ಕದ್ದು ಯಾಕೆ ಚಿಗುರುತ್ತೆ ಅಂದ್ರೆ, ಆಕ್ಸಿನ್ ಅನ್ನೋ ಹಾರ್ಮೋನು ತುದಿಯ ಕುಡೀಲಿ ತಯಾರಾಗಿ ಕಡ್ಡಿ ಒಳಗೆ ಕೆಳಗಡೆ ಇಳೀತಾ ಇರುತ್ತೆ, ಅದು ಇರೋವರ್ಗೂ ಪಕ್ಕದ ಮೊಗ್ಗುಗಳು ಏಳಲ್ಲ. ತುದಿ ಹೋಯ್ತು ಅಂದ್ರೆ ಆ ತಡೆ ಹೋಯ್ತು, ಮೇಲಿನ ಸಕ್ಕರೆನೂ ಆ ಮೊಗ್ಗುಗಳಿಗೆ ಹರಿಯುತ್ತೆ. ಒಂದು ಕಡ್ಡಿ ಇದ್ದಿದ್ದು ಎರಡಾಗುತ್ತೆ, ಅವೆರಡ್ರಲ್ಲೂ ಮೂರು ಜೊತೆ ಎಲೆ ಬಂದ್ಮೇಲೆ ಮತ್ತೆ ಚಿವುಟಿದ್ರೆ ನಾಲ್ಕು, ಚೆನ್ನಾಗಿ ಬಿಸಿಲಿದ್ರೆ ಕೆಳಗಿನ ಗಿಣ್ಣುಗಳೂ ಒಡೆದು ಇನ್ನೂ ಜಾಸ್ತಿ.

ನಾನು ಹೀಗೆ ಚಿವುಟ್ತಾ ಕೂತಿದ್ರೆ ಪಕ್ಕದ್ಮನೆ ಆಂಟಿಗೆ ಸಂಕಟ. "ಅಯ್ಯೋ ಹೂ ಬರೋ ಕುಡಿನೇ ಕಿತ್ತಾಕ್ತಿದ್ಯಲ್ಲಮ್ಮ" ಅಂತಾರೆ. ಅವರ ತುಳಸಿ ಕಟ್ಟೆ ನೋಡ್ಬೇಕು, ಅಷ್ಟು ಒತ್ತಾಗಿ ತುಂಬಿದೆ, ಯಾಕಂದ್ರೆ ದಿನಾ ಬೆಳಿಗ್ಗೆ ಪೂಜೆಗೆ ಅಂತ ಕುಡಿ, ಕದಿರು ಬಿಡಿಸ್ತಾರೆ. "ಆಂಟಿ, ನೀವು ದಿನಾ ಮಾಡೋದೇ ನಾನೂ ಮಾಡ್ತಿರೋದು" ಅಂದೆ. ತುಳಸಿ, ಪುದೀನ, ದೊಡ್ಡಪತ್ರೆ, ಸಾಲ್ವಿಯಾ ಎಲ್ಲಾ ಒಂದೇ ಕುಟುಂಬದ ಗಿಡಗಳೇ. ಚಿಯಾ ಬೀಜ ಅಂತ ನೀರಲ್ಲಿ ನೆನೆಸಿ ಕುಡೀತೀವಲ್ಲ, ಅದೂ ಒಂದು ಸಾಲ್ವಿಯಾನೇ, ನಮ್ಮ ಎಚ್.ಡಿ.ಕೋಟೆ ಕಡೆ ರೈತರು ಬೆಳೀತಾರೆ.

ಹೂ ಬಂದ್ಮೇಲಿನ ಕೆಲ್ಸ ಬೇರೆ. ಕೆಂಪು ಸಾಲ್ವಿಯಾದಲ್ಲಿ ಉದ್ದ ಕೊಳವೆ ಥರ ಇರೋ ನಿಜವಾದ ಹೂ ಬೇಗ ಉದುರಿಹೋಗುತ್ತೆ, ಅದರ ಬುಡದ ಕೆಂಪು ಕವಚ ಮಾತ್ರ ಇನ್ನೂ ಸುಮಾರು ದಿನ ನಿಂತಿರುತ್ತೆ, ಅದನ್ನ ನೋಡಿ ಹೂ ಇನ್ನೂ ಇದೆ ಅಂದ್ಕೊಂಡು ಬಿಟ್ಬಿಡ್ತೀವಿ, ಅಷ್ಟೊತ್ತಿಗೆ ಒಳಗೆ ಬೀಜ ಕಟ್ಟೋಕೆ ಶುರುವಾಗಿರುತ್ತೆ. ತೆನೆಯ ಕೆಳಗಿನ ಅರ್ಧ ಬಣ್ಣ ಮಾಸಿದ ತಕ್ಷಣ ತೆಗೀತೀನಿ. ಬರೀ ತೆನೆ ಅಲ್ಲ, ಅದರ ಕೆಳಗಿನ ಒಂದು ಜೊತೆ ದೊಡ್ಡ ಎಲೆ ತನಕ ಇಳಿದು ಕತ್ತರಿಸ್ಬೇಕು, ಬರೀ ತೆನೆ ಮುರಿದ್ರೆ ಆಮೇಲೆ ಬರೋ ಚಿಗುರು ಕಡ್ಡಿ ಥರ ಸಣ್ಣಕಿರುತ್ತೆ. ಮಕರಂದ ಕುಡಿಯೋಕೆ ಸೂರಕ್ಕಿ ಬರ್ತಾ ಇದ್ರೆ ಎಲ್ಲಾ ಪಾಟೂ ಒಂದೇ ದಿನ ಬೋಳಿಸಲ್ಲ, ಅರ್ಧ ಈ ವಾರ ಅರ್ಧ ಮುಂದಿನ ವಾರ.

ನೀಲಿ ಸಾಲ್ವಿಯಾ ಇನ್ನೂ ಗಟ್ಟಿ ಜಾತಿ. ಒಂದು ಸುತ್ತು ಹೂ ಮುಗಿದ್ಮೇಲೆ ಗಿಡದ ಎತ್ತರದಲ್ಲಿ ಮೂರ್ನೇ ಒಂದು ಭಾಗ, ತೀರಾ ಉದ್ದ ಹೋಗಿದ್ರೆ ಅರ್ಧ ತೆಗೆದ್ರೂ ತಡ್ಕೊಳ್ಳುತ್ತೆ. ಆದ್ರೆ ಏಪ್ರಿಲ್ ಬಿಸಿಲಲ್ಲಿ ಆ ಥರ ಕಟ್ ಮಾಡೋಕೆ ಹೋಗ್ಬೇಡಿ, ಎಲೆ ನೆರಳು ಇಲ್ದೆ ಪಾಟ್ ಮಣ್ಣು ಕಾಯುತ್ತೆ, ನಾನು ಜೂನ್ ಮೊದಲ ಮಳೆ ಬಿದ್ದು ತಂಪಾಗೋವರ್ಗೂ ಕಾಯ್ತೀನಿ. ಜಡಿಮಳೆ ಹಿಡಿದಿರೋ ವಾರ ಕತ್ತರಿ ಮುಟ್ಟಲ್ಲ, ಎರಡು ದಿನ ಬಿಸಿಲು ಕಾಣೋ ಹಾಗಿದ್ರೆ ಮಾತ್ರ. ಕಟ್ ಮಾಡಿ ಹೊಸ ಚಿಗುರು ಕಣ್ಬಿಟ್ಟ ಮೇಲೆ ಒಂದು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಸುರಿದ್ರೆ ಎಲೆ ದೊಡ್ಡದಾಗಿ ಕಡ್ಡಿ ಮೆತ್ತಗಾಗುತ್ತೆ, ಬಿಳಿ ನೊಣಕ್ಕೆ ಹಬ್ಬ. ಇನ್ನು ಬಿಸಿಲೇ ಬೀಳ್ದೇ ಇರೋ ಬಾಲ್ಕನೀಲಿ ಎಷ್ಟು ಚಿವುಟಿದ್ರೂ ಅಷ್ಟೇ, ಬೆಳಕು ಹುಡುಕ್ಕೊಂಡು ಉದ್ದ ಹೋಗೇ ಹೋಗುತ್ತೆ.

ಚಿವುಟಿದ ಕುಡಿ ಬಿಸಾಕ್ಬೇಡಿ. ಬೆರಳುದ್ದ ಇದ್ದು ಹೂ ಮೊಗ್ಗು ಇಲ್ದಿದ್ರೆ ಕೆಳಗಿನ ಎಲೆ ಬಿಡಿಸಿ, ಒಂದು ಗಿಣ್ಣು ಹುದುಗೋ ಹಾಗೆ ಒದ್ದೆ ಕೋಕೋಪೀಟಲ್ಲಿ (ತೆಂಗಿನ ನಾರಿನ ಪುಡಿ) ನೆರಳಲ್ಲಿಟ್ರೆ ಬೇರು ಬಿಡುತ್ತೆ.

ನೇರಳೆ ಬಣ್ಣದ ಮೆಕ್ಸಿಕನ್ ಬುಷ್ ಸೇಜ್ ಅನ್ನೋ ಸಾಲ್ವಿಯಾ ಇದ್ರೆ ಅದಕ್ಕೆ ಧೈರ್ಯ ಜಾಸ್ತಿ ಬೇಕು, ಹೂ ಎಲ್ಲಾ ಮುಗಿದ್ಮೇಲೆ ಫೆಬ್ರವರಿ ಹೊತ್ತಿಗೆ ನೆಲದಿಂದ ಗೇಣುದ್ದ ಬಿಟ್ಟು ಪೂರ್ತಿ ಬೋಳಿಸ್ತೀನಿ, ಬುಡದಿಂದಾನೇ ಹೊಸ ಕಡ್ಡಿ ಎದ್ದು ಬರುತ್ತೆ. ಇದನ್ನ ನೋಡಿ ಧೈರ್ಯ ಬಂತು ಅಂತ ರೋಸ್ಮರಿಗೂ ಹಾಗೇ ಮಾಡ್ಬೇಡಿ. ಅದನ್ನೂ ಈಗ ಸಾಲ್ವಿಯಾ ಕುಲಕ್ಕೇ ಸೇರಿಸಿದ್ದಾರೆ, ಆದ್ರೆ ಎಲೆ ಇಲ್ದೇ ಇರೋ ಹಳೇ ಕಟ್ಟಿಗೆ ಭಾಗಕ್ಕೆ ಇಳಿದು ಕತ್ತರಿಸಿದ್ರೆ ಆ ಕೊಂಬೆ ಸಾಮಾನ್ಯವಾಗಿ ಮತ್ತೆ ಚಿಗುರಲ್ಲ, ಹಸಿರು ಎಲೆ ಇರೋ ಭಾಗದಲ್ಲೇ ಕತ್ತರಿ ನಿಲ್ಲಿಸಿ.