ಫ್ರೆಂಚ್ ಹಾರ್ನ್ ಅಭ್ಯಾಸಕ್ಕೆ ತಂಬೂರಿ ಶ್ರುತಿ: ನನ್ನ ಅನುಭವ

ಫ್ರೆಂಚ್ ಹಾರ್ನ್ ಎಂದರೆ ಸುರುಳಿ ಸುತ್ತಿದ ಲೋಹದ ಕೊಳವೆಯ ಊದುವ ವಾದ್ಯ. ಅದರಲ್ಲಿ ಬೆರಳಾಟ ಕಲಿಯುವುದು ದೊಡ್ಡ ವಿಷಯವಲ್ಲ. ಎಡಗೈಯ ಮೂರು ಬೆರಳಿಗೆ ಮೂರು ವಾಲ್ವ್ (ಗಾಳಿ ಸಾಗುವ ದಾರಿಯ ಉದ್ದ ಬದಲಿಸುವ ಕೀಲಿ), ಹೆಬ್ಬೆರಳಿಗೆ ಇನ್ನೊಂದು. ಕಷ್ಟ ಇರುವುದು ತುಟಿಯಲ್ಲಿ. ಒಂದೂ ವಾಲ್ವ್ ಒತ್ತದೆ, ಬರೀ ತುಟಿ ಮತ್ತು ಉಸಿರಿನಿಂದಲೇ ಹತ್ತಕ್ಕೂ ಜಾಸ್ತಿ ಸ್ವರ ಹೊರಡುತ್ತವೆ. ಮೇಲೆ ಹೋದ ಹಾಗೆಲ್ಲ ಅವು ಒತ್ತೊತ್ತಾಗುತ್ತವೆ. ತುಟಿ ಸ್ವಲ್ಪ ಬಿಗಿಯಾದರೆ ಸಾಕು, ಬೇಕಾದ ಸ್ವರ ಬಿಟ್ಟು ಪಕ್ಕದ್ದು ಬರುತ್ತದೆ.

ಹಾಗಾಗಿ ಊದುವ ಮೊದಲೇ ಸ್ವರ ಕಿವಿಯೊಳಗೆ ಕೇಳಿಸಬೇಕು. ಇಲ್ಲಿ ನನಗೆ ಆಸರೆಯಾದದ್ದು ಚಿಕ್ಕಂದಿನಲ್ಲಿ ಕಲಿತ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಬಂದ ಮೇಲೆ ಹಾರ್ನ್ ಹಿಡಿದವನು ನಾನು. ಬೆಳಗಿನ ಅಭ್ಯಾಸಕ್ಕೆ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಎಫ್ (ಪಾಶ್ಚಾತ್ಯ ಸಂಗೀತದ ಒಂದು ಸ್ವರ) ಶ್ರುತಿಗೆ ಇಟ್ಟುಕೊಳ್ಳುತ್ತೇನೆ. ಹೆಬ್ಬೆರಳಿನ ವಾಲ್ವ್‌ನಿಂದ ಬದಲಿಸುವ ಎರಡು ಕೊಳವೆಗಳಲ್ಲಿ ಉದ್ದನೆಯದಾದ ಎಫ್ ಕಡೆಯದು ಸುಮಾರು 12 ಅಡಿ ಉದ್ದ. ವಾಲ್ವ್ ಮುಟ್ಟದೆ ಊದಿದರೆ ಎಫ್ ಅದರ ಷಡ್ಜ. ಮೊದಲು ಬಾಯಲ್ಲಿ ‘ಸ’ ಹಾಡುತ್ತೇನೆ, ಆಮೇಲೆ ಅದನ್ನೇ ಮೆತ್ತಗೆ ಊದುತ್ತೇನೆ. ನಂತರ ‘ಪ’. ಆಮೇಲೆ ಮೇಲಿನ ‘ಸ’.

ವಾಲ್ವ್ ಒತ್ತದೆ ಬರುವ ಸ್ವರಗಳನ್ನು ತೀರಾ ಕೆಳಗಿನ ಷಡ್ಜದಿಂದ ಒಂದು, ಎರಡು ಎಂದು ಎಣಿಸಿದರೆ ಐದನೇ ಸ್ವರ ಅಂತರ ಗಾಂಧಾರ (‘ಗ’). ಪಿಯಾನೋ ಪಕ್ಕ ಇಟ್ಟರೆ ಇದು 14 ಸೆಂಟ್‌ನಷ್ಟು ಇಳಿದಿರುತ್ತದೆ, ಅಂದರೆ ಅರ್ಧ ಸ್ವರದ ಏಳನೇ ಒಂದು ಪಾಲು. ತಂಬೂರಿ ಜೊತೆ ಊದಿ ನೋಡಿ, ಎಷ್ಟು ಚೆನ್ನಾಗಿ ಕೂರುತ್ತದೆ! ಆ ಸ್ವರ ಶ್ರುತಿಯಲ್ಲಿ ಬೆರೆತಾಗ ಕೊಳವೆಯೇ ತಾನಾಗಿ ಮಿಡಿದ ಹಾಗೆ ಕೈಗೆ ತಿಳಿಯುತ್ತದೆ. ಏಳನೆಯದು ಕೈಶಿಕಿ ನಿಷಾದಕ್ಕಿಂತ (‘ನಿ’) ಚೆನ್ನಾಗೇ ಕೆಳಗೆ. ಹನ್ನೊಂದನೆಯದು ಎರಡು ಬಗೆಯ ‘ಮ’, ಅಂದರೆ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಟ್ಟನಡುವೆ. ಇವೆರಡನ್ನು ಕಛೇರಿಯಲ್ಲಿ ಬೇರೆ ವಾಲ್ವ್ ಒತ್ತಿ ನುಡಿಸಬೇಕು. ಆದರೂ ಅಭ್ಯಾಸದಲ್ಲಿ ಬಿಡಬಾರದು. ಇವುಗಳ ಜಾಗ ಕಿವಿಗೆ ಗೊತ್ತಿದ್ದರೆ ಅಕ್ಕಪಕ್ಕದ ಸ್ವರಗಳೂ ತಪ್ಪುವುದಿಲ್ಲ.

ತುಟಿಗಿಟ್ಟು ಊದುವ ಮೌತ್‌ಪೀಸ್ ಮೂರರಲ್ಲಿ ಎರಡು ಪಾಲು ಮೇಲ್ತುಟಿಯ ಮೇಲೆ, ಒಂದು ಪಾಲು ಕೆಳತುಟಿಯ ಮೇಲೆ ಕೂರುತ್ತದೆ. ಮೇಲಿನ ಸ್ವರಕ್ಕೆ ಹೋಗುವಾಗ ಎಡಗೈ ಸುಮ್ನೆ ಹಾರ್ನನ್ನು ಮುಖಕ್ಕೆ ಒತ್ತತೊಡಗುತ್ತದೆ. ಆಗ ತುಟಿಗೆ ರಕ್ತ ಓಡದೆ ಬೇಗ ದಣಿಯುತ್ತದೆ. ಅದಕ್ಕೇ ನಾನು ಎಷ್ಟು ಹೊತ್ತು ಊದುತ್ತೇನೋ ಅಷ್ಟೇ ಹೊತ್ತು ಸುಮ್ಮನಿರುತ್ತೇನೆ. ಆ ಬಿಡುವಿನಲ್ಲಿ ಮುಂದಿನ ಸಾಲು ಹಾಡಿಕೊಳ್ಳುವುದು. ತುಟಿಗೆ ಬಿಡುವು, ಕಿವಿಗೆ ಕೆಲಸ.

ಬಲಗೈಯದು ಬೇರೆಯೇ ವಿದ್ಯೆ. ಬೆರಳು ಕೂಡಿಸಿ, ಬೊಗಸೆಯ ಹಾಗೆ ಬಾಗಿಸಿ, ಬೆರಳುಗಳ ಹಿಂಬದಿ ಲೋಹಕ್ಕೆ ತಾಗುವಂತೆ ಬೆಲ್ (ಹಾರ್ನ್‌ನ ಅಗಲವಾದ ಬಾಯಿ) ಒಳಗೆ ಇಡುತ್ತೇನೆ. ಅಂಗೈ ಒಂಚೂರು ಮುಚ್ಚಿದರೆ ಶ್ರುತಿ ಇಳಿಯುತ್ತದೆ, ತೆರೆದರೆ ಏರುತ್ತದೆ. 18ನೇ ಶತಮಾನದಲ್ಲಿ ವಾಲ್ವ್ ಇರಲೇ ಇಲ್ಲ. ಆಗ ಕೈಯಿಂದಲೇ ನಡುವಿನ ಸ್ವರಗಳನ್ನು ತೆಗೆಯುತ್ತಿದ್ದರು. ಆ ಕಾಲದ ಸಂಗೀತಕಾರ ಮೋಟ್ಸಾರ್ಟ್ ಹಾರ್ನ್‌ಗೆ ಕಾನ್ಸರ್ಟೋ (ಆರ್ಕೆಸ್ಟ್ರಾ ಜೊತೆ ಒಬ್ಬ ವಾದಕ ನುಡಿಸುವ ಕೃತಿ) ಬರೆದದ್ದು ಅಂಥ ವಾದಕರಿಗೇ.

ಈಗ ನಮ್ಮ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ನಾಲ್ಕು ಹಾರ್ನ್ ಸೇರಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದಾಗ ಗಾಂಧಾರ ನನ್ನ ಪಾಲಿಗೆ ಬಂದರೆ, ಶ್ರುತಿ ಅಳೆಯುವ ಟ್ಯೂನರ್ ಕಡೆ ನೋಡುವುದಿಲ್ಲ. ಅಂಗೈ ಒಂದು ಎಳೆಯಷ್ಟು ಮುಚ್ಚುತ್ತೇನೆ. ಸ್ವರ ಪಿಯಾನೋದ ಜಾಗದಿಂದ ಇಳಿದು ತಂಬೂರಿಯ ಜಾಗಕ್ಕೆ ಬರುತ್ತದೆ. ಕಾರ್ಡ್ ತಿಳಿಯಾಗುತ್ತದೆ.